ಇಪ್ಪತ್ತೆರಡಕ್ಕೆ ಇಟ್ಟಿದ್ದೀನಿ, ಮುಟ್ಟಬೇಡಿ

ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ನನ್ನ ಬಾಯಲ್ಲಿ ಭಾವ, ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಎಟಿಎಂ ಕೊಟ್ಟ ನೋಟನ್ನೂ, ಹಿಂದೆ ಸಾಲು ಎಷ್ಟೇ ಬೆಳೆದಿರಲಿ, ಅಲ್ಲೇ ನಿಂತು ಬೆರಳು ಒದ್ದೆ ಮಾಡಿಕೊಂಡು ಎಣಿಸುತ್ತಾರೆ. ಕರೆಂಟ್ ಬಿಲ್ಲು ಖಾತೆಯಿಂದ ತಾನಾಗಿ ಕಟ್ಟಿಹೋಗುವಂತೆ ಮಾಡಿಕೊಡುತ್ತೇನೆಂದು ಮಗ ಹೇಳಿದರೆ, "ನಮ್ಮ ದುಡ್ಡನ್ನ ನಮ್ಮನ್ನ ಕೇಳದೆ ಕಟ್ಟೋಕೆ ಅದ್ಯಾರು?" ಎಂದು ಗದರಿದರು. ರಾತ್ರಿ ಅಕ್ಕ ಆಫ್ ಮಾಡಿದ ಗ್ಯಾಸನ್ನು ಅವರೊಮ್ಮೆ ನೋಡುತ್ತಾರೆ; ತಾವು ನೋಡಿದ್ದು ನಿಜವೋ ಎಂದು ಎದ್ದುಹೋಗಿ ಇನ್ನೊಮ್ಮೆ ನೋಡುತ್ತಾರೆ. ಇಂಥ ಮನುಷ್ಯ ಕಣ್ಣುಮುಚ್ಚಿ ನಂಬಿರುವುದು ಒಂದನ್ನೇ: ಕಾರಿನ ಡ್ಯಾಶ್‌ಬೋರ್ಡಿನಲ್ಲಿ 'ಆಟೋ' ಎಂದು ಬರೆದಿರುವ ಎಸಿಯ ಬಟನ್ನು. ಕಣ್ಣುಮುಚ್ಚಿ ಎಂದದ್ದು ಬಾಯಿಮಾತಿಗಲ್ಲ. ಮಳೆಯಲ್ಲಿ ಅದನ್ನು ನಂಬಿ ಹೊರಟರೆ ಕಣ್ಣು ಬಿಟ್ಟುಕೊಂಡಿದ್ದರೂ ಅಷ್ಟೇ ಕಾಣುವುದು.

ಈ ಭಕ್ತಿಗೆ ಕಾರಣ ತಂತ್ರಜ್ಞಾನವಲ್ಲ, ದುಡ್ಡು. ಭಾವ ತೆಗೆದುಕೊಂಡದ್ದು ಟಾಪ್ ಮಾಡೆಲ್. ಅದರ ಕೆಳಗಿನ ಮಾಡೆಲ್ಲಿನಲ್ಲಿ ಎಸಿಗೆ ತಿರುಗಿಸುವ ಮೂರು ಗುಂಡಿಗಳಿದ್ದವು, ಬೆಲೆಯೂ ಕಡಿಮೆಯಿತ್ತು. "ಕೈಯಲ್ಲೇ ತಿರುಗಿಸ್ಕೊಂಡು ಕೂರೋದಾದ್ರೆ ಅಷ್ಟು ಜಾಸ್ತಿ ಯಾಕೆ ಕೊಡಬೇಕಿತ್ತು, ಹೇಳಿ?" ಎಂಬುದು ಅವರ ವಾದ. ಆದ್ದರಿಂದ ಇಪ್ಪತ್ತೆರಡು ಡಿಗ್ರಿಗೆ ಇಟ್ಟು ಆಟೋ ಒತ್ತಿದ ಮೇಲೆ ಅತ್ತ ಕೈಚಾಚಿದವರು ಅವರ ಲೆಕ್ಕದಲ್ಲಿ ಆ ಹೆಚ್ಚಿನ ದುಡ್ಡಿಗೇ ಕೈಹಾಕಿದಂತೆ. ಡೆಲಿವರಿ ದಿನ ಶೋರೂಮಿನ ಹುಡುಗ ಒಂದೊಂದೇ ಬಟನ್ ತೋರಿಸಿ ವಿವರಿಸುತ್ತಿದ್ದಾಗ ಭಾವ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು. ಕಾರಿನ ಜೊತೆ ಬಂದ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲೇ ಇನ್ಶೂರೆನ್ಸ್ ಕಾಗದದ ಕೆಳಗೆ ಮಲಗಿದೆ.

ಮಳೆಗಾಲದಲ್ಲಿ ಅವರೊಂದಿಗೆ ಚಾರ್ಮಾಡಿ ಘಾಟಿ ಹತ್ತಬೇಕು. ಧರ್ಮಸ್ಥಳದಿಂದ ವಾಪಸು ಹೊರಟು, ಉಜಿರೆ ದಾಟಿ, ಕೊಟ್ಟಿಗೆಹಾರದ ಕಡೆಗೆ. ಕಾರಿನಲ್ಲಿ ಐದು ಜನ. ಡಿಕ್ಕಿ ತುಂಬಿದ್ದರಿಂದ ಒದ್ದೆ ಪಂಚೆ, ಟವೆಲ್ಲುಗಳ ಚೀಲ ಹಿಂದಿನ ಸೀಟಿನವರ ತೊಡೆಯ ಮೇಲೆ. ಕಾಲಡಿಯಲ್ಲಿ ನೀರಿಳಿಸುತ್ತಿರುವ ಕೊಡೆಗಳು. ಎಲ್ಲರ ಬಾಯಲ್ಲೂ ಮಾತು. ಮಾತಿನೊಂದಿಗೆ ಉಸಿರು, ಉಸಿರಿನೊಂದಿಗೆ ಆವಿ. ದಾರಿಯಲ್ಲಿ ಅಣ್ಣಪ್ಪಸ್ವಾಮಿಗೆ ಕೈಮುಗಿದು ಭಾವ ಆಟೋ ದೀಪ ಉರಿಯುತ್ತಿದೆಯೋ ನೋಡಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಗಾಜಿನ ಅಂಚಿನಲ್ಲಿ ತೆಳುವಾಗಿ ಮಬ್ಬು ಕೂರುತ್ತದೆ. ಇನ್ನೆರಡು ತಿರುವು ಕಳೆದರೆ ಹೊರಗೆ ವೈಪರ್ ಓಡಾಡುವ ಸದ್ದು ಕೇಳಿಸುತ್ತದೆ, ವೈಪರ್ ಕಾಣಿಸುವುದಿಲ್ಲ.

"ಭಾವ, ಗ್ಲಾಸ್ ಪೂರ್ತಿ ಮಸುಕಾಯ್ತು."

"ಸೆನ್ಸಾರ್ ಇದೆ, ನೋಡ್ಕೊಳ್ಳುತ್ತೆ. ಅದಕ್ಕೂ ಟೈಮ್ ಕೊಡಬೇಕಲ್ವಾ?"

ಎದುರಿನಿಂದ ಬರುವ ಲಾರಿ ಅಷ್ಟು ಟೈಮ್ ಕೊಡುವುದಿಲ್ಲ. ಆಗ ಹೊರಬರುತ್ತದೆ ಹಳದಿ ಬಟ್ಟೆ. ಒಂದು ಕೈ ಸ್ಟಿಯರಿಂಗಿನ ಮೇಲೆ, ಇನ್ನೊಂದರಲ್ಲಿ ಬಟ್ಟೆ, ಎದೆ ಹಾರನ್ನಿಗೆ ತಾಗುವಷ್ಟು ಮುಂದಕ್ಕೆ ಬಾಗಿ ಭಾವ ತಮ್ಮ ಮೂಗಿನ ನೇರಕ್ಕೆ ಅಂಗೈಯಗಲ ಜಾಗ ಒರೆಸಿಕೊಳ್ಳುತ್ತಾರೆ. ಎಡಗಡೆ ಅಕ್ಕ ಸೆರಗಿನಿಂದ ತಮ್ಮ ಪಾಲಿನದನ್ನು ಒರೆಸುತ್ತಾರೆ. ಕನಕನ ಕಿಂಡಿಯಲ್ಲಿ ಕೃಷ್ಣ ಕಾಣುತ್ತಾನೆ. ಭಾವನ ಕಿಂಡಿಯಲ್ಲಿ ಕೆಂಪು ಬಸ್ಸು ಕಾಣುತ್ತದೆ, ಅದೂ ತೀರಾ ಹತ್ತಿರ ಬಂದ ಮೇಲೆ. ಒರೆಸಿದ ಜಾಗ ಮತ್ತೆ ಮಸುಕಾಗುತ್ತದೆ. ಬಟ್ಟೆಯ ಜಿಡ್ಡು ಮಾತ್ರ ಗಾಜಿಗೆ ಅಂಟಿಕೊಂಡು, ಕತ್ತಲಾದ ಮೇಲೆ ಎದುರು ಗಾಡಿಯ ಒಂದೊಂದು ಲೈಟನ್ನೂ ಹತ್ತಾಗಿ ತೋರಿಸುತ್ತದೆ.

ಆಟೋ ಬಟನ್ನಿನ ಪರವಾಗಿಯೂ ಒಂದು ಮಾತು ಹೇಳಬೇಕು. ಅದು ವಹಿಸಿಕೊಂಡಿರುವ ಕೆಲಸ ಒಳಗಿನ ಉಷ್ಣಾಂಶವನ್ನು ಇಪ್ಪತ್ತೆರಡರ ಆಸುಪಾಸಿನಲ್ಲಿ ಇಡುವುದು, ಅದನ್ನು ಪ್ರಾಮಾಣಿಕವಾಗಿ ಮಾಡುತ್ತಿದೆ. ಗಾಜು ಮಸುಕಾಗುವುದು ಗಾಳಿಯಲ್ಲಿರುವ ನೀರಿನಿಂದ. ತೇವ ಅಳೆಯುವ ಸೆನ್ಸಾರ್ ಕನ್ನಡಿಯ ಹಿಂದೆ ಇರುವ ಕಾರುಗಳೂ ಇವೆ, ಭಾವನದು ಅಂಥದ್ದಲ್ಲ. ಬೇಗ ತಂಪಾಗಲಿ ಎಂದು ಆಟೋ ಎಷ್ಟೋ ಸಲ ಹೊರಗಿನ ಗಾಳಿಯ ದಾರಿ ಮುಚ್ಚಿ ಒಳಗಿನದನ್ನೇ ಸುತ್ತಿಸುತ್ತದೆ. ಆಗ ಪಂಚೆಯ ನೀರು, ಕೊಡೆಯ ನೀರು, ಐವರ ಉಸಿರಿನ ನೀರು ಎಲ್ಲವೂ ಒಳಗೇ. ಮಳೆಗೆ ತಣ್ಣಗಾದ ಗಾಜು ಸಿಕ್ಕಿದ್ದೇ ಅಲ್ಲಿ ಹೋಗಿ ಕೂರುತ್ತದೆ. ಇನ್ನು ಇರುವ ಸೆನ್ಸಾರುಗಳಿಗೂ ಭಾವ ಕೆಲಸ ಮಾಡಲು ಬಿಟ್ಟಿಲ್ಲ. ಬಿಸಿಲು ಎಷ್ಟಿದೆ ಎಂದು ಹೇಳಲು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡದಲ್ಲಿ, ಒಂದು ಕಪ್ಪು ಗುಬುಟಿದೆ. ಅದರ ಮೇಲೆ ಸರಿಯಾಗಿ ಗಣಪನನ್ನು ಕೂರಿಸಿದ್ದಾರೆ. ಆ ಕಾರಿಗೆ ಮಟಮಟ ಮಧ್ಯಾಹ್ನವೂ ರಾತ್ರಿಯೇ.

ಮುಟ್ಟಬಾರದೆಂಬ ನಿಯಮಕ್ಕೆ ಅವರೇ ಮಾಡಿಕೊಂಡ ಒಂದು ವಿನಾಯಿತಿ ಉಂಟು. ಏರು ಬಂದ ಕೂಡಲೇ ಎಸಿ ಬಟನ್ ಆಫ್. "ಪಿಕಪ್ ಬರಲ್ಲ, ಮೈಲೇಜೂ ಹೋಗುತ್ತೆ." ಗಾಳಿ ಮಾತ್ರ ಬೀಸುತ್ತಿರುತ್ತದೆ. ಅಷ್ಟು ಹೊತ್ತು ಎಸಿಯ ತಣ್ಣನೆ ಕೊಳವೆಗಳ ಮೇಲೆ ಇಳಿದು ನಿಂತಿದ್ದ ನೀರು ಆ ಗಾಳಿಯಲ್ಲಿ ಮತ್ತೆ ಆವಿಯಾಗಿ ನೇರ ಒಳಗೆ ಬರುತ್ತದೆ. ಘಾಟಿಯ ತಿರುವಿನಲ್ಲೇ ಗಾಜು ಇದ್ದಕ್ಕಿದ್ದಂತೆ ಬೆಳ್ಳಗಾಗುವುದರ ಗುಟ್ಟು ಇದು. ಎಸಿ ಹುಟ್ಟಿದ್ದೇ ತೇವ ಹಿಂಡುವುದಕ್ಕೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಅದನ್ನು ರೂಪಿಸಿದ್ದು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಮೆಕ್ಯಾನಿಕಲ್ ಓದುತ್ತಿರುವ ಅಕ್ಕನ ಮಗ ಇದನ್ನು ಹೇಳಿ, "ಅಪ್ಪಾ, ಎಸಿ ಹಾಕಿಯೇ 26ಕ್ಕೆ ಇಡಬಹುದು, ಗಾಳಿ ಒಣಗುತ್ತೆ, ಅಮ್ಮನಿಗೆ ಚಳಿಯೂ ಆಗಲ್ಲ" ಎಂದ. ಭಾವ ಕೇಳಿದ್ದು ಒಂದೇ: "ಈ ಸಲ ನಿನ್ನ ಅಟೆಂಡೆನ್ಸ್ ಎಷ್ಟಿದೆ?"

ಅವರಿಗೆ ನಿಜವಾದ ಅಗ್ನಿಪರೀಕ್ಷೆ ಆದದ್ದು ಉಡುಪಿಯಲ್ಲಿ, ಒಂದು ಮದುವೆಯ ಬೆಳಗಿನ ಜಾವ. ಮಳೆ ನಿಂತಿತ್ತು. ಕರಾವಳಿಯ ಸೆಕೆಗೆ ಭಾವ ಉದಾರವಾಗಿ 20ಕ್ಕೆ ಇಳಿಸಿದ್ದರು. ಗಾಜು ಮಸುಕಾಯಿತು. ಹಳದಿ ಬಟ್ಟೆ ಬಂತು. ಒರೆಸಿದರು, ಹೋಗಲಿಲ್ಲ. ಒತ್ತಿ ಒರೆಸಿದರು. ಬಟ್ಟೆ ಮಡಚಿ ಇನ್ನೊಂದು ಮಗ್ಗುಲಿನಿಂದ ಒರೆಸಿದರು. "ಬಟ್ಟೇನೇ ಸರಿ ಇಲ್ಲ, ಫ್ರೀ ಕೊಟ್ಟಿದ್ದು ನೋಡಿ" ಎಂದರು. ಮಬ್ಬು ಇದ್ದದ್ದು ಗಾಜಿನ ಹೊರಗೆ. ಒಳಗಿನ ತಂಪಿಗೆ ಗಾಜು ತಣ್ಣಗಾಗಿ, ಹೊರಗಿನ ತೇವದ ಗಾಳಿ ಅದರ ಮೇಲೆ ನೀರಾಗಿತ್ತು. ವೈಪರನ್ನು ಒಮ್ಮೆ ಆಡಿಸಿ, ಎಸಿಯನ್ನು ಎರಡು ಮೂರು ಡಿಗ್ರಿ ಏರಿಸಿದ್ದರೆ ಮುಗಿಯುತ್ತಿತ್ತು. "ಮಳೆ ಇಲ್ದೆ ವೈಪರ್ ಹಾಕಿದ್ರೆ ರಬ್ಬರ್ ಹೋಗುತ್ತೆ," ಎಂದು ಭಾವ ಕಿಟಕಿ ಇಳಿಸಿ, ತಲೆ ಹೊರಹಾಕಿ ಕಾರು ಓಡಿಸಿದರು. ಛತ್ರ ಮುಟ್ಟುವಾಗ ಅವರ ಕನ್ನಡಕವೂ ಮಸುಕಾಗಿತ್ತು.

ಇಂಥ ಭಾವ, ಇಂಥ ಮಾವ, ಇಂಥ ಹಿರಿಯ ಸಹೋದ್ಯೋಗಿ ನಿಮಗೂ ಒಬ್ಬರಿದ್ದಾರೆ. ಘಾಟಿಯಲ್ಲಿ ಅವರ ಪಕ್ಕ ಕೂರುವ ಯೋಗ ಬಂದರೆ, ಬೀಸಣಿಗೆಯಾಕಾರದ ಗಾಜು, ಅದರ ಮೇಲೆ ಮೂರು ಡೊಂಕು ಬಾಣ ಇರುವ ಬಟನ್ನನ್ನು ಗುರುತಿಟ್ಟುಕೊಳ್ಳಿ. ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸುವುದು ಅದೇ. ಬಹಳಷ್ಟು ಕಾರುಗಳಲ್ಲಿ ಎಸಿಯನ್ನೂ ಹೊರಗಿನ ಗಾಳಿಯನ್ನೂ ಅದೇ ಹಾಕಿಕೊಡುತ್ತದೆ. "ಅದು ಹಿಮ ಬೀಳೋ ದೇಶದವರಿಗೆ" ಎಂದು ಅವರು ಹೇಳುತ್ತಾರೆ, ತಲೆಯಾಡಿಸಿ. ಅವರು ಹಳದಿ ಬಟ್ಟೆಗೆ ತಡಕಾಡುವಾಗ ಮೆಲ್ಲಗೆ ಒತ್ತಿಬಿಡಿ. ಗಾಜು ತಿಳಿಯಾದ ಮೇಲೆ ಮಾತ್ರ "ನೋಡಿ ಭಾವ, ಸೆನ್ಸಾರ್ ಕೆಲಸ ಮಾಡ್ತು" ಅನ್ನುವುದನ್ನು ಮರೆಯಬೇಡಿ.