ಟೈರಿಗೂ ಚಳಿಗಾಲ

ಚಿಕ್ಕನಾಯಕನಹಳ್ಳಿಯಲ್ಲಿ ಮಕ್ಕಳನ್ನು ಕರೆದೊಯ್ಯುವುದಕ್ಕೆ ತಯಾರಿ ಅಂತೇನೂ ಇಲ್ಲ. ತಿಪಟೂರು ಬಸ್ಸು ಬಂತೋ, ಒಂದನ್ನು ಸೊಂಟಕ್ಕೆ, ಇನ್ನೊಂದನ್ನು ಡ್ರೈವರ್ ಪಕ್ಕದ ಬಾನೆಟ್ಟಿಗೆ ಏರಿಸಿದರೆ ಮುಗಿಯಿತು. ಮ್ಯೂನಿಕ್‌ನಲ್ಲಿರುವ ಮಗ ಡಿಸೆಂಬರಿನಲ್ಲಿ "ಅಪ್ಪ, ಕಾರಲ್ಲೇ ಸಾಲ್ಜ್‌ಬರ್ಗ್‌ಗೆ ಹೋಗ್ಬರಣ" ಅಂದಾಗಲೂ ನಾನು ಅದೇ ಲೆಕ್ಕದಲ್ಲಿದ್ದೆ. ಸುಮಾರು 150 ಕಿಲೋಮೀಟರು, ತಿಂಡಿ ತಿಂದು ಹೊರಟರಾಯಿತು.

ಹೊರಡುವಾಗ ಊಟದ ಹೊತ್ತು. ಒಳಂಗಿ, ಮೇಲಂಗಿ, ಟೋಪಿ, ಕೈಗವಸು, ಬೂಟು ಎಲ್ಲ ತೊಡಿಸಿ ಬಾಗಿಲಿಗೆ ತಂದರೆ ಚಿಕ್ಕದು "ಉಚ್ಚೆ" ಅಂತು. ಬಿಚ್ಚಿ, ಮತ್ತೆ ತೊಡಿಸಿದೆವು. ಆಗ ದೊಡ್ಡದಕ್ಕೂ ಬಂತು. ಅಂತೂ ಕಾರು ಹತ್ತಿಸಿದರೆ, ದಪ್ಪ ಜಾಕೀಟಿನ ಮೇಲೆ ಬೆಲ್ಟು ಬಿಗಿಯಾಗಿ ಕೂರುವುದಿಲ್ಲವಂತೆ. ಪುನಃ ಬಿಚ್ಚಿ!

ಜರ್ಮನಿಯಲ್ಲಿ 12 ವರ್ಷ ತುಂಬುವವರೆಗೆ ಅಥವಾ 150 ಸೆಂಟಿಮೀಟರ್ ಬೆಳೆಯುವವರೆಗೆ ಮಕ್ಕಳ ಸೀಟು ಕಡ್ಡಾಯ. ಇದನ್ನು ಕೇಳಿದ ನನ್ನವಳು, "ನಾನೂ ಅಷ್ಟಿಲ್ಲ ಕಣೋ, ನಂಗೂ ಒಂದು ತರ್ಬೇಕಾಗಿತ್ತು" ಅಂದಳು.

ಗಡಿಯಾಚೆ ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮ ಬಿದ್ದ ರಸ್ತೆಗೆ ಚಳಿಗಾಲದ ಟೈರೇ ಬೇಕು. ನಾವು ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವ ದಿನ ಅಲ್ಲಿ ಟೈರಿನ ನಿಯಮ ಶುರು!

ಮೊಮ್ಮಗನ ಒಡೆದ ಕೆನ್ನೆಗೆ ಹಚ್ಚೋಣವೆಂದು ಡಿಕ್ಕಿಯಿಂದ ಊರಿನ ಕೊಬ್ಬರಿ ಎಣ್ಣೆ ತೆಗೆದರೆ, ಬಾಟಲಿ ತಲೆಕೆಳಗಾದರೂ ಹನಿ ಬೀಳದು. 24 ಡಿಗ್ರಿಗೇ ಗಟ್ಟಿಯಾಗುವ ಎಣ್ಣೆ, ಸೊನ್ನೆಯಲ್ಲಿ ಕೇಳಬೇಕೆ? ದಾರಿಯುದ್ದಕ್ಕೂ ಹೀಟರ್ ಮುಂದೆ ಬಾಟಲಿ ಹಿಡಿದು ಕೂತೆ.

ಸಾಲ್ಜ್‌ಬರ್ಗ್ ತಲುಪಿದಾಗ ನಾಲ್ಕೂವರೆ, ಆಗಲೇ ಕತ್ತಲು. ಮೊಜಾರ್ಟ್ ಹುಟ್ಟಿದ ಹಳದಿ ಮನೆಯನ್ನು ಮಗ ಶ್ರದ್ಧೆಯಿಂದ ತೋರಿಸಿದ. ಮಕ್ಕಳು ಅದಕ್ಕೆ ಬೆನ್ನು ತಿರುಗಿಸಿ, ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಕೊಳಕು ಹಿಮದ ಮೇಲೆ ಜಾರುಬಂಡಿ ಆಡುತ್ತಿದ್ದವು.