ನೆಮ್ಮದಿಗೂ ಟಾರ್ಗೆಟ್ಟು

ಬೆಳಗ್ಗೆ ಆರಕ್ಕೆ ಬೆಂಗಳೂರಿನ ಜೆ.ಪಿ. ನಗರದ ಮಿನಿ ಫಾರೆಸ್ಟ್ ಹೊಕ್ಕರೆ ನೆಮ್ಮದಿ ಹುಡುಕುವವರ ನೂಕುನುಗ್ಗಲು. ಯಾರ ಕಣ್ಣೂ ಮರದ ಮೇಲಿಲ್ಲ, ಎಲ್ಲರದೂ ಕೈಗಡಿಯಾರದ ಮೇಲೆ. ಹತ್ತು ಸಾವಿರ ಹೆಜ್ಜೆ ಆಗಲೇಬೇಕು. ರಾತ್ರಿ ಲೆಕ್ಕ ಕಡಿಮೆ ಬಿದ್ದರೆ ಜಯನಗರದ ಯಜಮಾನರೊಬ್ಬರು ಹಾಲ್‌ನ ಸೋಫಾಕ್ಕೇ ಪ್ರದಕ್ಷಿಣೆ ಹಾಕುತ್ತಾರೆ. ಪುಣ್ಯಕ್ಕೆ ಸೋಫಾ ವರ ಕೇಳೆನ್ನುವುದಿಲ್ಲ.

ಈ ಹತ್ತು ಸಾವಿರ ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ದುಂಡು ಅಂಕಿ ಅದು. ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 7,500 ಹೆಜ್ಜೆ ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮಿಕ್ಕ ಎರಡೂವರೆ ಸಾವಿರ ಬರೀ ಹಟಕ್ಕೆ.

ನಡೆಯುವುದು ಒಳ್ಳೆಯದೇ. ಅದಕ್ಕೆ ಅಂಕಪಟ್ಟಿ ಯಾಕೆ?

ಲೆಕ್ಕವಿಡದೆಯೂ ನೆಮ್ಮದಿ ಕಂಡವರಿದ್ದಾರೆ. ಇದೇ ದಕ್ಷಿಣ ಬೆಂಗಳೂರಿನಲ್ಲಿ ಡಿ.ವಿ.ಜಿ. ಎಂಬ ಹಿರಿಯ ಸಾಹಿತಿಯಿದ್ದರು. 1970ರಲ್ಲಿ ಅವರಿಗೆ ಸನ್ಮಾನದ ಹಣ ದೊಡ್ಡ ಮೊತ್ತವಾಗಿಯೇ ಬಂತು. ಅಷ್ಟನ್ನೂ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟು ಹಗುರಾದರು. ಅವರ ಕೈಯಲ್ಲಿ ಹೆಜ್ಜೆ ಎಣಿಸುವ ವಾಚಿರಲಿಲ್ಲ.

ಅಷ್ಟೊಂದು ಬಿಡುವುದು ನಮ್ಮಿಂದಾಗದು, ಒಪ್ಪೋಣ. ನಾಳೆ ಒಂದು ದಿನ ವಾಚನ್ನಾದರೂ ಮನೆಯಲ್ಲಿ ಬಿಟ್ಟು ಬನ್ನಿ. ಪಾರ್ಕಿನ ಕಲ್ಲುಬೆಂಚು ಹೇಗೂ ಖಾಲಿಯೇ ಇರುತ್ತದೆ.