ಸಾಲಿ ಹೆಂಗ ಐತ್ರಿ?

ಹಾವೇರಿ ಬಿಟ್ಟ ಪ್ಯಾಸೆಂಜರ್ ರೈಲು ಬ್ಯಾಡಗಿ, ದೇವರಗುಡ್ಡ ದಾಟಿ ರಾಣೇಬೆನ್ನೂರು ಮುಟ್ಟುವುದರೊಳಗೆ ಒಂದು ಪೊಟ್ಟಣ ಶೇಂಗಾ ಮುಗಿಯುತ್ತದೆ, ಒಂದು ಸಾಲಿಯ ಮಾನವೂ ಮುಗಿಯುತ್ತದೆ. ಏಪ್ರಿಲ್ ಹತ್ತರ ಸುಮಾರಿಗೆ ಸೂಟಿ ಬಿಟ್ಟರೆ ಮೇ ಕೊನೆಗೆ ಮತ್ತೆ ಗಂಟೆ ಬಾರಿಸುವ ತನಕ ಈ ದಾರಿಯಲ್ಲಿ ಗೋವಿನಜೋಳದ ದರ, ಬೀಗರ ಮನೆಯ ಲಗ್ನ ಎಲ್ಲ ಹಿಂದೆ ಸರಿದು, "ಆ ಸಾಲಿ ಹೆಂಗ ಐತ್ರಿ?" ಎಂಬ ಮಾತೊಂದೇ ಉಳಿಯುತ್ತದೆ. ಕೇಳುವವನು ಬಹುಮಟ್ಟಿಗೆ ಐದನೇತ್ತ ಮುಗಿಸಿದ ಹುಡುಗನ ಅಪ್ಪ. ಐದರ ತನಕ ಸಾಲಿ ಅವ್ವನ ಖಾತೆ. ತಲೆ ಬಾಚಿ, ಮೂಗು ಒರೆಸಿ, ಸಮೀಪ ಯಾವುದಿದೆಯೋ ಅಲ್ಲಿ ಬಿಟ್ಟು ಬಂದರಾಯಿತು. ಆರನೇತ್ತ ಬಂತೆಂದರೆ ಅಪ್ಪನಿಗೆ ಒಮ್ಮೆಲೇ ಎಚ್ಚರವಾಗುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಕಿರಿಯ ಪ್ರಾಥಮಿಕ ಶಾಲೆ ಐದಕ್ಕೇ ಮುಗಿಯುವುದರಿಂದ ಮಗನನ್ನು ಎಲ್ಲಿಗಾದರೂ ದಾಟಿಸಲೇಬೇಕು. ಅಲ್ಲಿಂದ ಶುರು ವಿಚಾರಣೆ.

ಹೈಸ್ಕೂಲಿನದು ಸುಲಭ. ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ಮೇಲೆ ಬಸ್‌ಸ್ಟ್ಯಾಂಡಿನ ಸುತ್ತ ಒಂದು ಸುತ್ತು ಹಾಕಿದರೆ ಸಾಕು, 625ಕ್ಕೆ ಆರುನೂರರ ಮೇಲೆ ತೆಗೆದವರು ಫ್ಲೆಕ್ಸಿನಲ್ಲಿ ಸಾಲಾಗಿ ನಗುತ್ತಿರುತ್ತಾರೆ. ನಡುವಿನ ಈ ಆರು, ಏಳು, ಎಂಟಕ್ಕೆ ಫ್ಲೆಕ್ಸಿಗೆ ಹಾಕಲು ಏನೂ ಇಲ್ಲ. ಒಂದು ಕಾಲಕ್ಕೆ ಇತ್ತು. ಮುಂಬಯಿ ಸರಕಾರದ ದಿನಗಳಲ್ಲಿ ಏಳನೆಯ ಇಯತ್ತೆಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನಿಗೆ ಮಾಸ್ತರಿಕೆ ಸಿಗುತ್ತಿತ್ತು, ಹಿಂದೆಯೇ ಹೆಣ್ಣು ಕೊಡುವವರೂ ಸಿಗುತ್ತಿದ್ದರು. ಶಿಶುವಿನಹಾಳದ ಶರೀಫ ಸಾಹೇಬರೂ ಮುಲ್ಕಿ ಮುಗಿಸಿ ಕೆಲಕಾಲ ಕನ್ನಡ ಸಾಲಿ ಮಾಸ್ತರಿಕೆ ಮಾಡಿದ್ದರು ಎನ್ನುತ್ತಾರೆ. ಅವರು ಅದನ್ನು ಬಿಟ್ಟು ಗೋವಿಂದಭಟ್ಟರ ಬೆನ್ನು ಹತ್ತಿದ್ದು ನಾಡಿಗೇನೋ ಲಾಭವಾಯಿತು. ಆ ಸಾಲಿಯ ಪಾಲಕರು ಮಾತ್ರ "ಛಲೋ ಮಾಸ್ತರು ಒಬ್ರಿದ್ರು, ಅವರೂ ಹ್ವಾದ್ರು" ಎಂದು ಹಣೆ ಬಡಿದುಕೊಂಡಿರಬೇಕು.

ಮುಲ್ಕಿ ಹೋಯಿತು. ಆಮೇಲೆ ಬಂದ ಏಳನೇತ್ತ ಪಬ್ಲಿಕ್ ಪರೀಕ್ಷೆಯೂ ಹೋಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟರ ತನಕ ಯಾರನ್ನೂ ನಪಾಸು ಮಾಡಬೇಡಿ ಎಂದಿತು. ನಂತರ ಅದಕ್ಕೊಂದು ತಿದ್ದುಪಡಿ, ಐದು ಮತ್ತು ಎಂಟಕ್ಕೆ ಬೋರ್ಡಿನ ಪರೀಕ್ಷೆ, ಅದರ ಮೇಲೆ ಕೋರ್ಟು. ಆ ಕತೆ ಇಲ್ಲಿ ಬೇಡ. ಒಟ್ಟಿನಲ್ಲಿ ಹಿರಿಯ ಪ್ರಾಥಮಿಕ ಶಾಲೆಯ ಹೆಸರು ಕಾಗದದ ಮೇಲಿಲ್ಲ, ಜನರ ಬಾಯಲ್ಲಿದೆ. ಬಾಯಿಗೆ ಆಧಾರವಾದರೂ ಏನು? ನಮ್ಮ ಓಣಿಯ ದರ್ಜಿಯ ಹತ್ತಿರ ಒಂದು ಶಾಸ್ತ್ರವೇ ಇದೆ. ಜೂನ್ ತಿಂಗಳ ಯುನಿಫಾರ್ಮಿನ ರಾಶಿಯ ನಡುವೆ, ಕೊರಳಿಗೆ ಟೇಪು ಇಳಿಬಿಟ್ಟುಕೊಂಡು, ಹಲ್ಲಿನಲ್ಲಿ ದಾರ ಕಡಿಯುತ್ತ ಹೇಳುತ್ತಾನೆ: "ಆ ಸಾಲಿ ಹುಡುಗ್ರ ಅಂಗಿ ಗುಂಡಿ ಹರಕೊಂಡ ಬರ್ತಾವ್ರಿ, ಅಂದ್ರ ಅಲ್ಲಿ ಆಡಾಕ ಬಿಡ್ತಾರ. ಈ ಸಾಲಿ ಹುಡುಗ್ರದು ಗುಂಡಿ ಹೊಸಾವ ಇರ್ತಾವ, ಕುಂಡಿ ಅಷ್ಟ ಸವದಿರ್ತೈತಿ. ಮುಂಜಾನಿಂದ ಸಂಜಿ ತನಕ ಕುಂದ್ರಿಸೇ ಇಡ್ತಾರ." ಶಿಕ್ಷಣ ಇಲಾಖೆಯ ಯಾವ ಮೌಲ್ಯಮಾಪನದಲ್ಲೂ ನಾನು ಇಷ್ಟು ಖಚಿತವಾದ ಮಾತು ಕೇಳಿಲ್ಲ. ಆದರೆ ದರ್ಜಿಯ ಮಾತು ಯಾರು ಕೇಳುತ್ತಾರೆ? ಹೆಚ್ಚಿನ ಅಪ್ಪಂದಿರಿಗೆ ಬೇಕಾದದ್ದು ಆ ಎರಡನೆಯ ಸಾಲಿಯೇ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರನ್ನು ನೋಡಿದರೆ ಇನ್ನೂ ಸೋಜಿಗ. ಸೋಮವಾರ, ಗುರುವಾರ ಮಾರುಕಟ್ಟೆಯಲ್ಲಿ ಚೀಲದ ಸಾಲುಗಳ ನಡುವೆ ಮೂಗಿಗೆ ವಸ್ತ್ರ ಕಟ್ಟಿಕೊಂಡು ನಡೆಯುತ್ತಾರೆ. ಡಬ್ಬಿಯೋ ಕಡ್ಡಿಯೋ, ಒಂದು ಕಾಯಿ ಎತ್ತಿ ಸುಕ್ಕು ನೋಡಿ, ಬೆರಳಲ್ಲಿ ಮಡಚಿ, ತೊಟ್ಟು ಮುರಿದು, ಮೂಸಿ, ಕಿವಿಯ ಹತ್ತಿರ ಹಿಡಿದು ಬೀಜ ಅಲ್ಲಾಡಿಸುತ್ತಾರೆ. ಮೇಲಿನ ಕಾಯಿಯನ್ನು ನಂಬದೆ ಚೀಲದ ಒಳಗೆ ಮೊಣಕೈ ತನಕ ಕೈ ಹಾಕಿ ತಳದ ಕಾಯಿ ತೆಗೆಯುತ್ತಾರೆ. ಖಾರ ಕಮ್ಮಿ, ಬಣ್ಣ ಜಾಸ್ತಿ ಎಂದೇ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಅದು; ಬಣ್ಣ ನೋಡಿ ಮೋಸ ಹೋಗಬಾರದು ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತು. ಅದೇ ಮನುಷ್ಯ ಮಗನ ಸಾಲಿಯ ದರ ಕಟ್ಟುವಾಗ ಗೇಟಿನೊಳಗೆ ಹೆಜ್ಜೆಯನ್ನೇ ಇಡುವುದಿಲ್ಲ. ಚಹಾದಂಗಡಿಯಲ್ಲಿ ಕೂತೇ ತೀರ್ಪು.

"ಸರಕಾರಿ ಸಾಲಿಗೆ ಬ್ಯಾಡ್ರಿ, ಅಲ್ಲಿ ಎಲ್ಲಾ ಹಂಗ."

"ಹಂಗ ಅಂದ್ರ ಹೆಂಗ?"

"ಹಂಗ ಅಂದ್ರ ಹಂಗರೀ."

ಇದರ ಮೇಲೆ ಅಪೀಲಿಲ್ಲ.

ದೂರದ ಮಾತೂ ಒಂದಿದೆ. ಬ್ಯಾಡಗಿಯವರ ಕಣ್ಣಿಗೆ ಹಾವೇರಿಯ ಸಾಲಿ ಛಲೋ. ಹಾವೇರಿಯವರ ಕಣ್ಣು ರಾಣೇಬೆನ್ನೂರಿನ ಮೇಲೆ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದಾಗ ಜಿಲ್ಲಾ ಕೇಂದ್ರದ ಪಟ್ಟ ಹಾವೇರಿಯವರಾದ ನಮಗೆ ಬಂತು ನಿಜ, ಆದರೆ ಊರು ದೊಡ್ಡದು ಅವರದೇ. 2011ರ ಜನಗಣತಿಯಲ್ಲಿ ನಾವು 67 ಸಾವಿರದಲ್ಲಿದ್ದರೆ ಅವರು ಲಕ್ಷ ದಾಟಿದ್ದರು. ಸರಿ, ರಾಣೇಬೆನ್ನೂರಿನವರಾದರೂ ತೃಪ್ತರೇ? ಅವರು ತುಂಗಭದ್ರೆ ದಾಟಿ ದಾವಣಗೆರೆ ನೋಡುತ್ತಾರೆ. ಹೆದ್ದಾರಿಯಲ್ಲಿ ಬೆಳಿಗ್ಗೆ ಏಳಕ್ಕೆ ನಿಂತರೆ ಹಳದಿ ಬಸ್ಸುಗಳು ಎರಡೂ ದಿಕ್ಕಿಗೆ ಒಂದನ್ನೊಂದು ದಾಟಿ ಓಡುತ್ತಿರುತ್ತವೆ. ಈ ಊರಿನ ಮಕ್ಕಳು ಆ ಊರಿಗೆ, ಆ ಊರಿನವರು ಈ ಊರಿಗೆ. ಡೀಸೆಲ್ಲು ಎರಡೂ ಕಡೆಯವರದು. ಇತ್ತ ಛಲೋ ಮಾಸ್ತರರನ್ನು ಹುಡುಕಿಕೊಂಡು ರಾಣೇಬೆನ್ನೂರಿನವರು ಹೊಳೆ ದಾಟುತ್ತಾರೆ. ಅದೇ ಊರಲ್ಲಿ 1923ರಲ್ಲಿ ಹುಟ್ಟಿದ ಕವಿ ಸು. ರಂ. ಎಕ್ಕುಂಡಿಯವರು ಘಟ್ಟ ಇಳಿದು ಹೋಗಿ ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಆಯುಷ್ಯದ ಬಹುಭಾಗ ಪಾಠ ಹೇಳಿದರು.

ಇನ್ನು ಇಂಗ್ಲಿಷಿನ ವಿಚಾರ. ಈ ಬಾಬತ್ತಿನಲ್ಲಿ ನಮ್ಮ ಜಿಲ್ಲೆಯದು ಸ್ವಲ್ಪ ಪೇಚಿನ ಸ್ಥಿತಿ. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟು ಇಡೀ ನಾಡನ್ನು ಬೀದಿಗಿಳಿಸಿದ ಸಮಿತಿಯ ಅಧ್ಯಕ್ಷರು ಸವಣೂರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು. ಅವರೋ ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಓದಿ ಬಂದ ಇಂಗ್ಲಿಷ್ ಪ್ರಾಧ್ಯಾಪಕರು. ಪಾಲಕರು ಈ ಕತೆಯಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಮಾಧ್ಯಮದ ಆಯ್ಕೆ ಪಾಲಕರದು ಎಂದು 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿದ ಮೇಲೆ, 2019ರಲ್ಲಿ ಸರಕಾರವೇ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಹಾಗೆ ತೆರೆದ ಕಡೆ ಒಂದನೇತ್ತಕ್ಕೆ ಮಕ್ಕಳೂ ಬಂದರು. ಆದರೆ ಈಗಾಗಲೇ ಆರನೇತ್ತಕ್ಕೆ ಬಂದು ನಿಂತ ಹುಡುಗನ ಅಪ್ಪನಿಗೆ ಅದರಿಂದೇನು? ಹುಡುಗ ಇನ್ನೊಮ್ಮೆ ಒಂದನೇತ್ತಕ್ಕೆ ಹೋಗಲಾರ.

ಅಂಥ ಒಬ್ಬ ಅಪ್ಪನ ಜೊತೆ ನಾನೂ ಒಮ್ಮೆ ಸಾಲಿ ನೋಡಲು ಹೋಗಿದ್ದೆ. ನಮ್ಮ ಓಣಿಯವನೇ, ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. "ಕಾಕಾ, ನೀವು ನಾಕ ಮಂದಿ ಜೋಡಿ ಮಾತಾಡಿದವರು, ಸುಮ್ನ ಬಂದ ಕುಂದರ್ರಿ ಸಾಕು" ಎಂದ. ಸರಕಾರಿ ಮಾದರಿ ಹಿರಿಯ ಪ್ರಾಥಮಿಕ ಶಾಲೆ. ಗೋಡೆಗೆ ರೈಲಿನ ಬೋಗಿಯ ಚಿತ್ರ ಬಳಿದಿದ್ದರು. ಪ್ರತಿ ಬಾಗಿಲೂ ಬೋಗಿಯ ಬಾಗಿಲು. ದೊಡ್ಡ ಗುರುಗಳ ಕೋಣೆಯಲ್ಲಿ ಕಪಾಟು, ಕಪಾಟಿನ ಮೇಲೆ ಒಂದು ಗ್ಲೋಬು, ಗ್ಲೋಬಿನ ಪಕ್ಕ ತತ್ತಿಯ ಟ್ರೇಗಳ ಗೋಪುರ. ಗುರುಗಳು ಒಂದು ಕಿವಿಗೆ ಫೋನು ಹಚ್ಚಿಕೊಂಡು ಎಷ್ಟು ಮಕ್ಕಳು ತತ್ತಿ ತಿನ್ನುತ್ತಾರೆ, ಎಷ್ಟು ಮಂದಿಗೆ ಬಾಳೆಹಣ್ಣು, ಎಷ್ಟಕ್ಕೆ ಶೇಂಗಾ ಚಿಕ್ಕಿ ಎಂದು ಯಾರಿಗೋ ಲೆಕ್ಕ ಒಪ್ಪಿಸುತ್ತಿದ್ದರು. 2013ರಲ್ಲಿ ಹಾಲು ಶುರುವಾದಾಗ ಪುಡಿ ಕಲಸುವುದನ್ನು ಕಲಿತವರು ಈಗ ವಾರಕ್ಕೆ ಆರು ದಿನ ತತ್ತಿ ಎಣಿಸುವುದನ್ನೂ ಕಲಿತಿದ್ದಾರೆ. ಫೋನು ಇಟ್ಟ ಮೇಲೆ ನಮಗೆ ಕುರ್ಚಿ ತೋರಿಸಿದರು.

ಹುಡುಗನ ಅಪ್ಪ ಕೇಳಬೇಕಾದದ್ದನ್ನೆಲ್ಲ ಬರೆದುಕೊಂಡೇ ಬಂದಿದ್ದ.

"ಬಸ್ ಐತ್ರೇನು ಸರ್?"

"ಇಲ್ರಿ."

"ಟೈ, ಬೆಲ್ಟು?"

"ಇಲ್ರಿ. ಯುನಿಫಾರ್ಮು, ಬೂಟು, ಪುಸ್ತಕ ಸರಕಾರದ್ದ ಬರ್ತಾವು."

"ಡೊನೇಷನ್ ಎಷ್ಟಾಗ್ತೈತ್ರಿ?"

"ಏನೂ ಇಲ್ರಿ. ಎಲ್ಲಾ ಪುಕ್ಕಟೆ."

ಇವನ ಮುಖ ಅಲ್ಲಿಗೇ ಇಳಿಯಿತು. ಆದರೂ ಬಿಡಲಿಲ್ಲ. ಕೊನೆಯದಾಗಿ ಇಟ್ಟುಕೊಂಡಿದ್ದ ಬಾಣ ಬಿಟ್ಟ: "ನಿಮ್ಮ ಮಗಾ ಎಲ್ಲಿ ಓದ್ತಾನ್ರಿ ಸರ್?" ಸರಕಾರಿ ಮಾಸ್ತರರಿಗೆ ಈ ಪ್ರಶ್ನೆ ಹಾಕಿದರೆ ಅರ್ಧದಷ್ಟು ಮಂದಿ ಕಿಟಕಿಯಾಚೆ ನೋಡುತ್ತಾರೆ. ಇವರು ನೋಡಲಿಲ್ಲ. "ಇಲ್ಲೇ ಏಳನೇತ್ತ ತನಕಾ ಓದಿದಾ. ಈಗ ಧಾರವಾಡದಾಗ ಬಿಎಸ್ಸಿ ಅಗ್ರಿ ಮಾಡ್ತಾನ" ಎಂದರು. ನನಗಂತೂ ಕೇಸು ಖುಲಾಸೆಯಾಯಿತು ಅನ್ನಿಸಿತು. ಹೊರಗೆ ಬಂದು ಗಾಡಿಯ ಕಿಕ್ ಹೊಡೆಯುತ್ತ ಅಪ್ಪ ಹೇಳಿದ: "ಅವರ ಹುಡುಗ ಶ್ಯಾಣ್ಯಾ ಇದ್ದಿರಬೇಕ ಬಿಡ್ರಿ ಕಾಕಾ, ಎಲ್ಲಿ ಒಗದಿದ್ರೂ ಓದ್ತಿದ್ದ. ಅಲ್ರೀ, ಎಲ್ಲಾ ಪುಕ್ಕಟೆ ಅಂತಾರಲ್ಲ, ಏನೋ ಐತಿ." ಮಾಸ್ತರರ ಮಗ ಬೇರೆ ಸಾಲಿಗೆ ಹೋದರೆ ತಪ್ಪು ಸಾಲಿಯದು, ಇಲ್ಲೇ ಓದಿ ಮುಂದೆ ಬಂದರೆ ಪುಣ್ಯ ಮಗನದು. ಈ ಲೆಕ್ಕದಲ್ಲಿ ಸಾಲಿ ಎಂದಾದರೂ ಪಾಸಾಗುವುದುಂಟೇ?

ಹಾಗೆಂದು ಇವನಿಗೆ ಸರಕಾರದ ಮೇಲೆ ಸಿಟ್ಟು ಅಂತೇನೂ ಇಲ್ಲ. ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ, ಆದರ್ಶ ವಿದ್ಯಾಲಯ, ನವೋದಯ ಎಲ್ಲಕ್ಕೂ ಅರ್ಜಿ ಹಾಕಿದ್ದ. ಮಗನನ್ನು ನಾಲ್ಕನೇತ್ತದಿಂದಲೇ ಕೋಚಿಂಗಿಗೆ ಹಚ್ಚಿದ್ದ. ನಮ್ಮ ಊರುಗಳಲ್ಲಿ ಈಗ ಈ ಕೋಚಿಂಗಿನ ಬೋರ್ಡು ಇಲ್ಲದ ಓಣಿ ಅಪರೂಪ. ಹತ್ತು ವರ್ಷದ ಹುಡುಗ ಬೆಳಿಗ್ಗೆ ಐದಕ್ಕೆದ್ದು ಕನ್ನಡಿಯಲ್ಲಿ ತ್ರಿಕೋನ ಹೇಗೆ ಕಾಣುತ್ತದೆ ಎಂದು ಗುರುತು ಹಾಕುತ್ತಾನೆ. ನವೋದಯದ ಪರೀಕ್ಷೆ ಎರಡು ತಾಸು, 80 ಪ್ರಶ್ನೆ, 100 ಅಂಕ. ಸೀಟು ಇಡೀ ಜಿಲ್ಲೆಗೆ 80. ಸಿಕ್ಕರೆ ಊರಿಗೆಲ್ಲ ಪೇಢೆ. ಅದೂ ಸರಕಾರದ್ದೇ, ಅದೂ ಪುಕ್ಕಟೆ, ಮೊರಾರ್ಜಿಯಲ್ಲಂತೂ ಊಟ-ವಸತಿಯೂ ಪುಕ್ಕಟೆ. ಅಲ್ಲಿ ಯಾರೂ "ಏನೋ ಐತಿ" ಎನ್ನುವುದಿಲ್ಲ. ಬರುವವರಲ್ಲಿ ಹೆಚ್ಚಿನವರನ್ನು ಆ ಗೇಟು ಹೊರಗೇ ನಿಲ್ಲಿಸುತ್ತದೆ ನೋಡಿ, ಹಾಗಾಗಿ ಅದಕ್ಕೆ ಮರ್ಯಾದೆ. ಓಣಿಯ ಸಾಲಿ ಬಂದವರನ್ನೆಲ್ಲ ಬಾ ಎನ್ನುತ್ತದೆ. ಸಾಲದ್ದಕ್ಕೆ ದಾಖಲಾತಿ ಆಂದೋಲನ ಎಂದು ಮೇ ಕೊನೆಯ ಬಿಸಿಲಲ್ಲಿ ಅಕ್ಕೋರು, ಮಾಸ್ತರರು ಕೈಯಲ್ಲಿ ಕರಪತ್ರ ಹಿಡಿದು ಮನೆಮನೆಗೆ ಬರುತ್ತಾರೆ. ಮನೆ ಬಾಗಿಲಿಗೇ ಬಂದದ್ದಕ್ಕೆ ನಮ್ಮ ಕಡೆ ಒಂದು ಚರಿಗೆ ನೀರು ಸಿಗುತ್ತದೆ, ಹುಡುಗ ಸಿಗುವುದಿಲ್ಲ.

ಸಾಲಿಯ ಹೆಸರು ಅಂದರೂ ಎಷ್ಟೋ ಸಲ ಒಬ್ಬ ಮಾಸ್ತರರ ಹೆಸರೇ. ಗಣಿತದವರೋ, ಪಿ.ಟಿ.ಯವರೋ, ಹಾಡು ಕಲಿಸುವ ಅಕ್ಕೋರೋ ಒಬ್ಬರು ಇರುತ್ತಾರೆ, ಸುತ್ತಲಿನ ಹಳ್ಳಿಯಲ್ಲೆಲ್ಲ ಸಾಲಿಗೆ ಅವರದೇ ಹೆಸರು. ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಅವರು ಇನ್ನೊಂದು ತಾಲೂಕಿಗೆ ಹೋದ ಮೇಲೂ ಹೆಸರು ಹಳೆಯ ಸಾಲಿಯಲ್ಲೇ ಉಳಿದುಬಿಡುತ್ತದೆ. ಉಲ್ಟಾ ಕೂಡ ಉಂಟು. ಎಂದೋ ಒಬ್ಬರು ಕುಡಿದು ಬರುತ್ತಿದ್ದರು. ಅವರು ನಿವೃತ್ತರಾಗಿ, ಅವರ ಮೊಮ್ಮಗ ಕಾಲೇಜು ಮುಟ್ಟಿದರೂ "ಅಲ್ಲಿ ಮಾಸ್ತರು ಕುಡಿತಾರ" ಎಂಬ ಮಾತು ಸಂತೆಯಿಂದ ಸಂತೆಗೆ ಸಾಗುತ್ತಲೇ ಇರುತ್ತದೆ. ಹೊಸದಾಗಿ ಬಂದ, ಚಹಾ ಸಹ ಕುಡಿಯದ ಮನುಷ್ಯ ಆ ಮಾತನ್ನೂ ಹಾಜರಿ ಪುಸ್ತಕದ ಜೊತೆಗೇ ಚಾರ್ಜು ತಗೋಬೇಕು.

ನಿವೃತ್ತ ಮಾಸ್ತರರೊಬ್ಬರು ಈ ಎಲ್ಲಕ್ಕೂ ಒಂದು ಉಪಾಯ ಹುಡುಕಿದ್ದರು. ಅದೇ ದೊಡ್ಡ ಗುರುಗಳ ಎದುರೇ ಹೇಳಿದರು: "ಗೇಟಿಗೊಂದು ಬೋರ್ಡ್ ಹಚ್ರಿ. ಆರನೇತ್ತ ಪ್ರವೇಶ ಮುಗದೈತಿ, ಯಾರೂ ಒತ್ತಾಯ ಮಾಡಬಾರದು, ಅಷ್ಟ ಬರಸ್ರಿ. ನಾಳೆ ಮುಂಜಾನೆ ಎಮ್ಮೆಲ್ಲೆಯವರ ಚೀಟಿ ಹಿಡ್ಕೊಂಡು ಪಾಳಿ ಹಚ್ಚಲಿಲ್ಲಂದ್ರ ಕೇಳ್ರಿ."

ಗುರುಗಳು ನಗಲಿಲ್ಲ. ಸ್ವಲ್ಪ ಹೊತ್ತು ತತ್ತಿಯ ಟ್ರೇ ನೋಡುತ್ತ ಯೋಚನೆ ಮಾಡಿದರು.

"ಐಡಿಯಾ ಛಲೋ ಐತ್ರಿ ಸರ್. ಆದ್ರ ಖರೇನ ಯಾರೂ ಬರಲಿಲ್ಲಂದ್ರ? ಮಕ್ಕಳ ಸಂಖ್ಯಾ ಕಮ್ಮಿ ಆತಂದ್ರ ನನ್ನ ಗಣಿತದ ಅಕ್ಕೋರನ್ನ ಹೆಚ್ಚುವರಿ ಅಂತ ಎತ್ತಿ ಎಲ್ಲಿಗಾರ ಒಗಿತಾರ." ಮತ್ತೆ ತಡೆದು, "ಮ್ಯಾಲ, ಬೋರ್ಡ್ ಬರಸಾಕ ಸಾದಿಲ್ವಾರದಾಗ ರೊಕ್ಕ ಎಲ್ಲೈತ್ರಿ? ಇದ್ದದ್ದೆಲ್ಲಾ ರೈಲಿನ ಬಣ್ಣಕ್ಕ ಹೋತು" ಎಂದರು.